ಹಲ್ಲಿನ ಡಾಕ್ಟರ ಮನೆ ಮುಂದೆ ನಿಂತ ಪಿಕಪ್

ಮಾರ್ಲಿಸ್ ಕುಚೆರಾಗೆ ಕ್ಲೇ ಫೋರ್ಕ್ ಊರಿನ ಅಷ್ಟೂ ಗಾಡಿಗಳು ಗೊತ್ತು. ಗೊತ್ತಿಲ್ಲದೆ ಏನು, ಹತ್ತೊಂಬತ್ತು ವರ್ಷದಿಂದ ಧಾನ್ಯದ ಗೋದಾಮಿನ ವೇಬ್ರಿಡ್ಜ್ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತವಳು. ಮೆಕ್ಕೆಜೋಳ ತುಂಬಿದ ಲಾರಿ ಬಂದರೆ ತೂಗಬೇಕು, ಖಾಲಿಯಾಗಿ ಹೊರಟರೆ ಮತ್ತೆ ತೂಗಬೇಕು, ಎರಡರ ನಡುವೆ ಮುಖ್ಯರಸ್ತೆ ನೋಡುತ್ತಾ ಕೂರಬೇಕು. ಯಾರ ಪಿಕಪ್ಪಿನ ಬಾಗಿಲು ನೆಗ್ಗಿದೆ, ಯಾವುದು ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಆರುನೂರು ಜನರ ಊರು ನಮ್ಮದು. ಇಲ್ಲಿ ಮುಖಕ್ಕಿಂತ ಮೊದಲು ಗಾಡಿಯ ಗುರುತು ಹಿಡಿಯುತ್ತಾರೆ. ಎದುರಿಗೆ ಬಂದ ಪಿಕಪ್ಪಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ, ಒಳಗೆ ಯಾರಿದ್ದಾರೆಂದು ನೋಡುವುದೂ ಇಲ್ಲ.

ಮಾರ್ಲಿಸ್ ಕೆಟ್ಟವಳೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಿಸಿ ಅಡುಗೆಯ ತಟ್ಟೆ ಹಿಡಿದು ಹೋಗುವವಳು ಅವಳೇ. ಆದರೆ ಬಾಯಿ ಸುಮ್ಮನಿರದು. ಬೆಳಿಗ್ಗೆ ಹತ್ತಕ್ಕೆ ಡೊಲೊರೆಸ್‌ಳ ಕಾಫಿ ಅಂಗಡಿಯಲ್ಲಿ ಊರಿನ ಏಳೆಂಟು ಜನ ಸೇರಿ, ಯಾರು ಕಾಸು ಕೊಡಬೇಕೆಂದು ಚರ್ಮದ ಬಟ್ಟಲಲ್ಲಿ ದಾಳ ಕುಲುಕುತ್ತಾರಲ್ಲ, ಆ ಮೇಜಿಗೆ ಮಾರ್ಲಿಸ್ ಬಾರದಿದ್ದರೆ ಕಾಫಿಗೆ ಸಕ್ಕರೆ ಬಿದ್ದಂತಿರಲಿಲ್ಲ.

ಅಕ್ಟೋಬರಿನ ಕೊನೆಯ ಶನಿವಾರ ಫೆಸೆಂಟ್ ಹಕ್ಕಿಗಳ ಬೇಟೆ ಶುರುವಾಗುತ್ತದೆ. ಆ ದಿನ ಬೆಳಿಗ್ಗೆ ಆರಕ್ಕೆಲ್ಲ ಅವಳ ಗಂಡ ಲೈಲ್ ಬೂಟು ಹಾಕಿಕೊಂಡು, ಕಾಫಿ ಹೀರುತ್ತಾ ಬಾಗಿಲ ಹತ್ತಿರ ನಿಂತಿರಬೇಕು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅದು ತಪ್ಪಿದ್ದು ಒಂದೇ ಸಲ, ಅವನ ಅಪೆಂಡಿಕ್ಸ್ ತೆಗೆದ ವರ್ಷ. ಈ ಸಲ ಏಳೂವರೆಯಾದರೂ ಅವನು ಅಡಿಗೆಮನೆಯ ಮೇಜಿನ ಮುಂದೆ ಬರೀ ಕಾಲುಚೀಲದಲ್ಲಿ ಕೂತಿದ್ದ. ಮಾರ್ಲಿಸ್ ನಡುಮನೆಗೆ ಹೋಗಿ ನೋಡಿದಳು. ಕೋವಿಗಳನ್ನಿಡುವ ಗಾಜಿನ ಕಪಾಟು ಖಾಲಿ. ಅವನ ಅಪ್ಪನ ಹಳೇ ಕೋವಿಯೂ ಇರಲಿಲ್ಲ.

"ಲೈಲ್, ಕೋವಿಗಳೆಲ್ಲ ಎಲ್ಲೋದ್ವು?"

"ತಮ್ಮನ ಮನೇಲಿಟ್ಟು ಬಂದೆ."

"ಯಾಕೆ?"

"ಸದ್ಯಕ್ಕೆ ಮನೇಲಿರೋದು ಬೇಡ ಅನ್ನಿಸ್ತು." ಅವನು ಕಪ್ಪಿನ ಹಿಡಿಯನ್ನು ಅತ್ತಿತ್ತ ತಿರುಗಿಸುತ್ತಾ ಹೇಳಿದ. "ನೀನು ತಲೆ ಕೆಡಿಸ್ಕೋಬೇಡ."

ಬೇಟೆಯ ದಿನ ಬೆಳಿಗ್ಗೆ ಒಬ್ಬ ಗಂಡಸು ತನ್ನ ಕೋವಿಗಳನ್ನು ತಾನೇ ಸಾಗಹಾಕಿದ್ದಾನೆಂದರೆ ಅವನು ಹೆದರಿರುವುದು ತನಗೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದು ಶುರುವಾದದ್ದು ಮಾರ್ಚಿನಲ್ಲಿ. ಲೈಲ್‌ನದ್ದು ವೆಲ್ಡಿಂಗ್ ಅಂಗಡಿ. ಜೊತೆಗೆ ಊರಿನ ಅಗ್ನಿಶಾಮಕ ದಳ, ಅಂದರೆ ಕರೆ ಬಂದರೆ ಕೂಗುವ ಪೇಜರ್ ಸೊಂಟಕ್ಕೆ ಸಿಕ್ಕಿಸಿಕೊಂಡ ಹದಿನಾಲ್ಕು ಸಂಬಳವಿಲ್ಲದ ಜನ, ಅದರಲ್ಲಿ ಇಪ್ಪತ್ತಾರು ವರ್ಷದ ಹಳಬ. ಹೆದ್ದಾರಿಯ ತಿರುವಿನಲ್ಲಿ ಒಂದು ಕಾರು ಮಗುಚಿತ್ತು. ಒಳಗೆ ಸಿಕ್ಕಿಕೊಂಡಿದ್ದ ಹದಿನೇಳರ ಹುಡುಗಿಯ ಕೈ ಹಿಡಿದುಕೊಂಡು, ಉಳಿದವರು ಬಾಗಿಲು ಕತ್ತರಿಸುವವರೆಗೆ ಅವಳನ್ನು ಮಾತಾಡಿಸುತ್ತಾ ಲೈಲ್ ನೆಲದ ಮೇಲೆ ಮಲಗಿದ್ದ. ನಲವತ್ತು ನಿಮಿಷ. ಬಾಗಿಲು ತೆಗೆಯುವ ಹೊತ್ತಿಗೆ ಅವಳ ಮಾತು ನಿಂತಿತ್ತು. ಆಮೇಲೆ ಅವನಿಗೆ ನಿದ್ದೆ ಹೋಯಿತು, ಊಟ ಅರ್ಧವಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಪೇಜರ್ ಕೂಗಿಕೊಂಡಾಗ ಒಂದು ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತುಬಿಟ್ಟ. ದಿನ ಕಳೆದಂತೆ ಸರಿಹೋಗುತ್ತಾನೆ ಎಂದು ಮಾರ್ಲಿಸ್ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಖಾಲಿ ಕಪಾಟಿನ ಮುಂದೆ ನಿಂತಾಗ ಆ ಮಾತಿಗೆ ನಾಚಿಕೆಯಾಯಿತು.

ಸೋಮವಾರ ವೇಬ್ರಿಡ್ಜ್ ಕೋಣೆಯಿಂದಲೇ ಫೋನು ಶುರುಮಾಡಿದಳು. ಕಟಾವಿನ ಕಾಲ, ಹೊರಗೆ ಲಾರಿಗಳ ಸಾಲು. ಮೊದಲು ಕೌಂಟಿ ಕಚೇರಿ, ಅಂದರೆ ನಮ್ಮ ಜಿಲ್ಲೆಯದ್ದು.

"ನಮಸ್ಕಾರ, ಒಬ್ಬರು ಸೋಷಿಯಲ್ ವರ್ಕರ್ ಬೇಕಾಗಿತ್ತು."

"ಹೌದಾ? ಮಗೂಗೆ ವಯಸ್ಸೆಷ್ಟು? ಯಾರು ಹೊಡೀತಿದಾರೆ?"

"ಅಯ್ಯೋ, ಮಗು ಅಲ್ಲಮ್ಮ. ನನ್ನ ಗಂಡ. ಅವನಿಗೆ ಐವತ್ತೆಂಟು."

ಫೋನೆತ್ತಿದ ಹುಡುಗಿ ಬಿಡಿಸಿ ಹೇಳಿದಳು: ಮನೆಗೆ ಬಂದು ಮಕ್ಕಳ ವಿಚಾರಣೆ ಮಾಡುವವರು ಬೇರೆ; ಕೂರಿಸಿಕೊಂಡು ಮಾತಾಡಿಸಿ ಮನಸ್ಸಿಗೆ ಮದ್ದು ಮಾಡುವವರು ಬೇರೆ, ಅವರು ಕ್ಲಿನಿಕಲ್, ರಾಜ್ಯದ ಲೈಸೆನ್ಸ್ ಇರುವವರು. ಅಂಥವರು ಈಗ ಕೌಂಟಿಯಲ್ಲಿ ಯಾರೂ ಇಲ್ಲ. ವಿಮೆಯವರ ಪಟ್ಟಿಯಲ್ಲಿ ನೋಡಿ ಎಂದಳು.

ವಿಮೆಯವರ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಮೊದಲನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಫೋನೆತ್ತಿದ ಹೆಂಡತಿ ಪಾಪ ಇವಳನ್ನೇ ಸಮಾಧಾನ ಮಾಡಿದಳು. ಒಬ್ಬರು ಕೊಲೊರಾಡೋಗೆ ಹೋಗಿದ್ದರು. ಮೂರು ನಂಬರು ಒಂದೇ ಕಚೇರಿಗೆ ಹೋಗಿ, ಆ ಕಚೇರಿಯಲ್ಲಿ ಮಾರ್ಚ್‌ವರೆಗೆ ಜಾಗವಿಲ್ಲ ಎಂದಾಯಿತು. ನಡುನಡುವೆ ಲಾರಿ ಬಂದಾಗ ಅವಳು ಫೋನನ್ನು ಎದೆಗವಚಿಕೊಂಡು ತೂಕ ಬರೆದುಕೊಡುತ್ತಿದ್ದಳು. ಒಬ್ಬ ಚಾಲಕ ಕಿಟಕಿಗೆ ಬಗ್ಗಿ, "ಯಾರ ಜೊತೆ ಗುಸುಗುಸು, ಮಾರ್ಲಿಸ್?" ಎಂದ. "ನಿನ್ನ ಹೆಂಡ್ತಿ ಜೊತೆ" ಎಂದು ಅವನನ್ನು ಸಾಗಹಾಕಿದಳು. ಆದರೆ ಕಿವಿ ಬಿಸಿಯಾಗಿತ್ತು. ಯಾರಾದರೂ ಕೇಳಿಸಿಕೊಂಡರೆ ಎನ್ನುವ ಭಯ ಹೀಗಿರುತ್ತದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಹನ್ನೊಂದನೆಯ ಹೆಸರಿಗೆ ಗೆರೆ ಎಳೆದು ತಲೆಯೆತ್ತಿದಾಗ ಎದುರಿಗೆ ರಸ್ತೆಯಾಚೆ ಹಲ್ಲಿನ ಡಾಕ್ಟರ ಮನೆ ಕಂಡಿತು. ಬಿಳಿ ಬಣ್ಣದ ಪುಟ್ಟ ಮನೆ, ಮೂರು ಮೆಟ್ಟಿಲು. ಡಾಕ್ಟರು ಸತ್ತು ಆರು ವರ್ಷವಾದರೂ ಹೆಸರು ಅಳಿದಿಲ್ಲ. ಈಗ ಅದು ಚರ್ಚಿನ ಆಸ್ತಿ. ಮಾರ್ಲಿಸ್ ಬೇಗ ಕಣ್ಣು ತಪ್ಪಿಸಿದಳು. ಬೆಳಿಗ್ಗೆಯಿಂದ ಆ ಕಡೆ ನೋಡದಿರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಯಾಕೆಂದರೆ ಊರಿಗೆ ಅಂಥವರೊಬ್ಬರು ಬರುತ್ತಿದ್ದರು. ನೋರೀನ್ ಎಂಬ ಹೆಂಗಸು. ತೊಂಬತ್ತು ಮೈಲಿ ದೂರದ ಆಲ್ಡನ್ ಪಟ್ಟಣದಿಂದ, ಏಪ್ರಿಲ್‌ನಿಂದ ಪ್ರತಿ ಮಂಗಳವಾರ ಆ ಮನೆಯಲ್ಲಿ ಬಂದು ಕೂರುತ್ತಿದ್ದಳು. ಒಳಗೆ ಏನು ನಡೆಯುತ್ತದೆಂದು ಯಾರಿಗೂ ತಿಳಿಯದು. ಹೊರಗೆ ಯಾರ ಗಾಡಿ ನಿಂತಿದೆಯೆಂದು ಮಾತ್ರ ಮಾರ್ಲಿಸ್‌ಗೆ ಚೆನ್ನಾಗಿ ಕಾಣುತ್ತಿತ್ತು. ಮೂರು ವಾರ ಬಿಡದೆ ಹಾರ್ಲನ್ ವೈಸ್‌ನ ಹಸಿರು ಪಿಕಪ್ ನಿಂತಿತು. ಹಾರ್ಲನ್ ಶಾಲೆಯ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು, ಹಿಂದಿನ ಚಳಿಗಾಲ ಹೆಂಡತಿಯನ್ನು ಕಳಕೊಂಡವನು. ಮೇ ತಿಂಗಳ ಒಂದು ಬುಧವಾರ, ದಾಳದ ಬಟ್ಟಲು ಕೈಗೆ ಬಂದಾಗ, ಎಲ್ಲರೂ ತನ್ನ ಕಡೆ ನೋಡುತ್ತಿದ್ದಾಗ, ಮಾರ್ಲಿಸ್ ಹೇಳಿದಳು:

"ಹಾರ್ಲನ್ ಪಿಕಪ್ಪು ಮೂರು ಮಂಗಳವಾರದಿಂದ ಹಲ್ಲು ಕೀಳಿಸ್ಕೊಳ್ತಾ ಇದೆ ಕಣ್ರೋ. ಡಾಕ್ಟರು ಸತ್ತಿರೋದು ಅದಕ್ಕೆ ಯಾರಾದ್ರೂ ಹೇಳಿ."

ಮೇಜು ಗೊಳ್ಳೆಂದಿತು. ಆಮೇಲೆ ಆ ಮಾತು ಅವಳ ಕೈಲಿ ಉಳಿಯಲಿಲ್ಲ. ಬೀಜದ ವ್ಯಾಪಾರಿ ವರ್ನ್, ಊರಿನ ದೊಡ್ಡ ಬಾಯಿ, ಹಾರ್ಲನ್ ಕಂಡಲ್ಲೆಲ್ಲ "ಹಲ್ಲು ಹೇಗಿದೆಯೋ?" ಎಂದು ಕೇಳಿದ. ಉಳಿದವರೂ ಕೇಳಿದರು. ಹಾರ್ಲನ್ ಮಂಗಳವಾರ ನಿಲ್ಲಿಸಿದ, ಕಾಫಿಗೆ ಬರುವುದನ್ನೂ ನಿಲ್ಲಿಸಿದ. ಆ ಬೀದಿಯಲ್ಲಿ ಚಕ್ರ ಪಂಕ್ಚರಾಗಿ ಗಾಡಿ ನಿಲ್ಲಿಸಿದವನಿಗೂ ಹಲ್ಲುನೋವೇ ಎಂಬ ತಮಾಷೆ. ಆಗಸ್ಟ್ ಹೊತ್ತಿಗೆ ನೋರೀನ್ ಖಾಲಿ ಕುರ್ಚಿಯೆದುರು ಕೂತು ಕೂತು ಸಾಕಾಗಿ ಬರುವುದನ್ನೇ ಬಿಟ್ಟಳು. "ಪಾಪ, ನಮ್ಮೂರಲ್ಲಿ ಹುಚ್ಚರೇ ಇಲ್ವಲ್ಲ" ಎಂದು ಅದಕ್ಕೂ ನಕ್ಕಿದ್ದರು. ಮಾರ್ಲಿಸ್ ಕೂಡ.

ಈಗ ನೋರೀನ್‌ಳ ನಂಬರು ಊರಲ್ಲಿ ಯಾರ ಹತ್ತಿರ ಇರಬಹುದು? ಚರ್ಚಿನವರ ಬಳಿ ಇದ್ದ ನಂಬರು ಕಳೆದುಹೋಗಿತ್ತು. ಇನ್ನುಳಿದವನು ಒಬ್ಬನೇ.

ಸಂಜೆ ನಾಲ್ಕಕ್ಕೆ ಅವಳು ಸೇಬು ತುಂಬಿ ಸುಟ್ಟ ಪೈ ಒಂದನ್ನು ಹಿಡಿದು ಹಾರ್ಲನ್ ಮನೆಗೆ ಹೋದಳು. ಅವನು ಅಂಗಳದಲ್ಲಿ ಕೈಕುಂಟೆಯಿಂದ ಎಲೆ ಗುಡಿಸುತ್ತಿದ್ದ. ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಹಾರ್ಲನ್, ನಂಗೆ ನೋರೀನ್ ಅವರ ನಂಬರು ಬೇಕಾಗಿತ್ತು."

ಅವನು ಕುಂಟೆಯ ಹಿಡಿಯ ಮೇಲೆ ಗದ್ದವಿಟ್ಟು ಅವಳನ್ನೇ ನೋಡಿದ. "ಯಾಕೆ, ಹಲ್ಲು ನೋವಾ?"

ಮಾರ್ಲಿಸ್‌ಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. "ನನ್ನದು ತಪ್ಪಾಯ್ತು, ಹಾರ್ಲನ್. ಅವತ್ತು ನಗಿಸ್ಬೇಕು ಅಂತ ಅಂದುಬಿಟ್ಟೆ. ಅಷ್ಟೇ. ನಿನ್ನ ಬಗ್ಗೆ ಯೋಚನೇನೇ ಮಾಡ್ಲಿಲ್ಲ."

"ಗೊತ್ತು. ಅದೇ ನಂಗೆ ಬೇಜಾರಾಗಿದ್ದು." ಅವನು ಇನ್ನೆರಡು ಸಲ ಎಲೆ ಎಳೆದ. "ಹೆಂಡ್ತಿ ಸತ್ತ ಮೇಲೆ ಅವಳ ಹೆಸರು ಹೇಳೋಕೆ ನಂಗಿದ್ದಿದ್ದು ಅದೊಂದೇ ಜಾಗ, ಮಾರ್ಲಿಸ್. ವಾರಕ್ಕೆ ಒಂದು ಗಂಟೆ."

ಪೈ ಹಿಡಿದ ಅವಳ ಕೈ ನೋಯುತ್ತಿತ್ತು, ಅದನ್ನು ಎಲ್ಲಿಡುವುದೆಂದೂ ತಿಳಿಯಲಿಲ್ಲ. ಹಾರ್ಲನ್ ಪಿಕಪ್ಪಿನ ಬಾಗಿಲು ತೆಗೆದು, ಬಿಸಿಲು ತಡೆಯುವ ಪಟ್ಟಿಯ ಹಿಂದಿನಿಂದ ಒಂದು ಕಾರ್ಡು ಎಳೆದುಕೊಟ್ಟ.

"ಬರ್ಕೋ. ಕಾರ್ಡು ವಾಪಸ್ ಕೊಡು. ಅಲ್ಲ, ನನ್ನ ಹತ್ರ ಯಾಕೆ ಬಂದೆ? ಲೈಲ್ ಹತ್ರಾನೇ ಇರ್ಬೇಕಲ್ಲ ಇದು."

"ಲೈಲ್ ಹತ್ರ?"

ಹಾರ್ಲನ್‌ನ ಮುಖ ಬದಲಾಯಿತು. ಆಡಬಾರದ್ದು ಆಡಿಬಿಟ್ಟೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಗಿತ್ತು. "ನಾನೇನೂ ಹೇಳ್ಲಿಲ್ಲ" ಎಂದು ಕುಂಟೆ ತಗೊಂಡು ಮನೆ ಹಿಂದಕ್ಕೆ ಹೋದ. ಎಷ್ಟಾದರೂ ಅವನು ಮಾರ್ಲಿಸ್ ಅಲ್ಲ. ಬಾಯಿ ತಪ್ಪಿದ್ದಕ್ಕೆ ಅವನಿಗೆ ಅಲ್ಲೇ ಸಂಕಟವಾಯಿತು.

ಮನೆಗೆ ಬಂದಾಗ ಲೈಲ್ ಆಲೂಗಡ್ಡೆ ಸುಲಿಯುತ್ತಿದ್ದ. ಅವಳು ಕೋಟು ಕೂಡ ಬಿಚ್ಚದೆ ಎದುರಿಗೆ ಕೂತಳು.

"ನೀನು ಮಂಗಳವಾರ ಹಲ್ಲಿನ ಡಾಕ್ಟರ ಮನೆಗೆ ಹೋಗ್ತಿದ್ದಾ?"

ಅವನ ಚಾಕು ನಿಂತಿತು. "ಹೋಗ್ತಿದ್ದೆ."

"ನಾನು ನೋಡೇ ಇಲ್ವಲ್ಲ ನಿನ್ನ ಗಾಡೀನ."

"ಗಾಡಿ ನಿನ್ನ ಗೋದಾಮಿನ ಹಿಂದೇನೇ ಇಡ್ತಿದ್ದೆ. ಹಿತ್ತಲ ದಾರೀಲಿ ನಡ್ಕೊಂಡು ಹೋಗ್ತಿದ್ದೆ. ಒಂದೆರಡು ಸಲ ಹಾರ್ಲನ್ ಎದುರಾಗಿದ್ದ. ಐದು ಸಲ ಹೋದೆ. ಸ್ವಲ್ಪ ನಿದ್ದೆ ಬರೋಕೆ ಶುರುವಾಗಿತ್ತು."

"ಮತ್ತೆ ಯಾಕೆ ಬಿಟ್ಟೆ?" ಕೇಳುವಾಗಲೇ ಉತ್ತರ ಗೊತ್ತಿತ್ತು ಅವಳಿಗೆ. ಆದರೂ ಅವನ ಬಾಯಿಂದ ಕೇಳಬೇಕಿತ್ತು.

"ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ಯಲ್ಲ, ಹಾರ್ಲನ್ ಪಿಕಪ್ಪಿನ ಕಥೆ. ಅಂಗಡೀಲಿ ಎಲ್ರೂ ಹೆಂಗೆ ಬಿದ್ದು ಬಿದ್ದು ನಕ್ರು ಅಂತ. ಈ ಕುರ್ಚೀಲೇ ಕೂತಿದ್ದೆ ನೀನು. ಆಲೂಗಡ್ಡೆ ಬಟ್ಟಲು ನನ್ನ ಕೈಗೆ ಕೊಡ್ತಾ."

"ನೀನೂ ನಕ್ಕಿದ್ದೆ, ಲೈಲ್."

"ನಕ್ಕಿದ್ದೆ. ಇನ್ನೇನ್ ಮಾಡ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾರ್ಲಿಸ್‌ಗೆ ಎಷ್ಟೋ ಹಗುರಾಗುತ್ತಿತ್ತು. ಜಗಳ ಆಡಬಹುದಿತ್ತು, ಅಳಬಹುದಿತ್ತು. ಅವನು ಮತ್ತೆ ಸುಲಿಯತೊಡಗಿದ. ಅವಳು ಇನ್ನೊಂದು ಚಾಕು ತಂದು ಪಕ್ಕದಲ್ಲಿ ಕೂತಳು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಎಷ್ಟು ಮಂಗಳವಾರಗಳು ಎಂಬ ಲೆಕ್ಕ ಬೇಡಬೇಡವೆಂದರೂ ತಲೆಯಲ್ಲಿ ಓಡುತ್ತಿತ್ತು.

"ಅವರು ವಾಪಸ್ ಬಂದ್ರೆ ಹೋಗ್ತೀಯಾ?"

"ಆಲ್ಡನ್‌ವರೆಗೆ ಓಡಿಸ್ಕೊಂಡು ಹೋಗೋಕೆ ನಂಗೆ ಆಗಲ್ಲ, ಮಾರ್ಲಿಸ್. ಆ ತಿರುವು ದಾಟಬೇಕು. ಇಲ್ಲಿಗೆ ಬಂದ್ರೆ... ನೋಡೋಣ."

ಮರುದಿನ ಬೆಳಿಗ್ಗೆ ನೋರೀನ್‌ಗೆ ಫೋನು ಮಾಡಿದಳು. ಕೋವಿಗಳ ಸಂಗತಿ ಹೇಳಿದಾಗ ನೋರೀನ್‌ಳ ದನಿ ಗಟ್ಟಿಯಾಯಿತು. "ಒಳ್ಳೇ ಕೆಲ್ಸ ಮಾಡಿದಾರೆ. ಅವು ಅಲ್ಲೇ ಇರ್ಲಿ. ಮುಂದಿನ ಮಂಗಳವಾರದವರೆಗೆ ಕಾಯೋದು ಬೇಡ, ಇವತ್ತು ಮಧ್ಯಾಹ್ನ ನಾನೇ ಅವರಿಗೆ ಫೋನ್ ಮಾಡ್ತೀನಿ, ಅವರು ಒಪ್ಪಿದ್ರೆ."

"ನಿಮಗೆ ಅವನ ಪರಿಚಯ ಇದ್ಯಲ್ಲ? ಏಪ್ರಿಲಲ್ಲಿ ಬರ್ತಿದ್ನಲ್ಲ?"

"ಯಾರು ಬರ್ತಿದ್ರು, ಯಾರು ಬರ್ತಿರ್ಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ, ಮಿಸೆಸ್ ಕುಚೆರಾ."

ಹೆಂಡತಿಗೂ ಹೇಳುವ ಹಾಗಿಲ್ಲ! ಮಾರ್ಲಿಸ್ ಫೋನು ಹಿಡಿದು ಕೆಂಪಾದಳು. ನೋರೀನ್ ಊರಿಗೆ ಮತ್ತೆ ಬರಲು ಸಿದ್ಧಳಿದ್ದಳು, ಆದರೆ ಒಂದು ಮಾತು: ಹೋಗಿಬರಲು ನೂರೆಂಬತ್ತು ಮೈಲಿ, ಕನಿಷ್ಠ ನಾಲ್ಕು ಜನ ಬರುವವರಿರಬೇಕು. ಹೋದ ಸಲ ಕೊನೆಕೊನೆಗೆ ಒಬ್ಬರೂ ಇರಲಿಲ್ಲ, ಕಾರಣ ತನಗೆ ಇವತ್ತಿಗೂ ತಿಳಿದಿಲ್ಲ ಎಂದಳು.

"ಕಾರಣ ನಾನು" ಎಂದಳು ಮಾರ್ಲಿಸ್. ಪೂರ್ತಿ ಹೇಳಿದಳು, ಹಲ್ಲಿನ ಮಾತನ್ನೂ ಬಿಡದೆ. ಆ ಕಡೆಯಿಂದ ಬೈಗುಳ ಬರಲೆಂದು ಕಾದಳು.

"ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದಷ್ಟೇ ಅಂದಳು ನೋರೀನ್. "ನಿಮ್ಮನ್ನೂ ಲೆಕ್ಕಕ್ಕೆ ಹಿಡೀಲಾ?"

"ಹಿಡೀರಿ."

ಹಾರ್ಲನ್‌ಗೆ ಕಾರ್ಡು ವಾಪಸ್ ಕೊಡಲು ಹೋದಾಗ ಅವನು, "ನಂಗೆ ಹತ್ತು ಗಂಟೆ ಇರ್ಲಿ ಅಂತ ಹೇಳು" ಎಂದ. ಮೂರಾಯಿತು. ನಾಲ್ಕನೆಯವರನ್ನು ಮಾರ್ಲಿಸ್ ಎಲ್ಲಿಂದ ತರಬೇಕು? ಯಾರಿಗೆ ಬೇಕಾಗಿದೆಯೆಂದು ಯಾರನ್ನು ಕೇಳುವುದು? ಕೇಳಲು ಅವಳಿಗೆ ಯಾವ ಮುಖವಿತ್ತು?

ಬುಧವಾರ ಹತ್ತಕ್ಕೆ ಕಾಫಿ ಅಂಗಡಿಗೆ ಹೋದಳು. ಬಟ್ಟಲು ಸುತ್ತು ಬಂದು ಅವಳ ಕೈಗೆ ಸಿಕ್ಕಿತು. ಕುಲುಕಲಿಲ್ಲ, ಮೇಜಿನ ಮೇಲಿಟ್ಟು ಅಂಗೈ ಮುಚ್ಚಿದಳು.

"ಮಂಗಳವಾರದಿಂದ ನೋರೀನ್ ಮತ್ತೆ ಬರ್ತಾರೆ. ನಾನು ಹೋಗ್ತಿದೀನಿ. ಹನ್ನೊಂದಕ್ಕೆ."

ವರ್ನ್ ಬಾಯಿ ತೆಗೆದ. "ಯಾಕೆ ಮಾರಾಯ್ತಿ, ಹಲ್ಲು..."

"ಆ ಮಾತು ನಂದು, ವರ್ನ್. ನಾನೇ ಹೇಳಿದ್ದು, ನಾನೇ ವಾಪಸ್ ತಗೊಳ್ತಿದೀನಿ. ಅದ್ರಿಂದ ಒಬ್ಬ ಮನುಷ್ಯನಿಗೆ ಅವನ ಹೆಂಡ್ತಿ ಹೆಸ್ರು ಹೇಳೋಕೂ ಜಾಗ ಇಲ್ದಂಗೆ ಮಾಡ್ದೆ. ಇನ್ನೂ ಏನೇನು ಮಾಡಿದೀನೋ ನಂಗೊಬ್ಬಳಿಗೇ ಗೊತ್ತು. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಅದಕ್ಕೆ ಹೋಗ್ತಿದೀನಿ." ಬಟ್ಟಲನ್ನು ಮೇಜಿನ ನಡುವಿಗೆ ತಳ್ಳಿದಳು. "ನನ್ನ ಗಾಡಿ ಬೆಳಿಗ್ಗೆಯಿಂದ ಸಂಜೆವರ್ಗೂ ಆ ಮನೆ ಬಾಗ್ಲಲ್ಲೇ ನಿಂತಿರುತ್ತೆ. ಆಡ್ಕೊಳ್ಳೋರು ನನ್ನನ್ನ ಆಡ್ಕೊಳ್ಳಿ."

ಡೊಲೊರೆಸ್ ಖಾಲಿಯಾಗದ ಕಪ್ಪುಗಳಿಗೂ ಕಾಫಿ ಸುರಿದಳು. ವರ್ನ್ ಬಟ್ಟಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ದಾಳ ಕುಲುಕದೆಯೇ ಎದ್ದು ಎಲ್ಲರ ಕಾಸನ್ನೂ ತಾನೇ ಕೊಟ್ಟ. ಮೇಜಿನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ.

ಸೋಮವಾರ ನೋರೀನ್ ಫೋನು ಮಾಡಿ ಆರು ಜನ ಆಗಿದ್ದಾರೆ ಎಂದಳು. ಯಾರ್ಯಾರು ಎಂದು ಅವಳು ಹೇಳಲಿಲ್ಲ. ಮಾರ್ಲಿಸ್ ಬಾಯಿತನಕ ಬಂದ ಪ್ರಶ್ನೆಯನ್ನು ನುಂಗಿಕೊಂಡಳು.

ಮಂಗಳವಾರ ಏಳಕ್ಕೆ ತನ್ನ ಕೆಂಪು ಪಿಕಪ್ಪನ್ನು ಮೂರು ಮೆಟ್ಟಿಲಿನ ನೇರಕ್ಕೆ, ಊರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿ ನಡೆದುಕೊಂಡು ಕೆಲಸಕ್ಕೆ ಹೋದಳು. ವೇಬ್ರಿಡ್ಜ್ ಕೋಣೆಯಲ್ಲಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ರಸ್ತೆ ಕಡೆಯ ಕಿಟಕಿಯ ಪರದೆ ಎಳೆದಳು. ಹೊರಗೆ ಗಾಡಿಗಳು ಬಂದು ನಿಲ್ಲುವ ಸದ್ದು ಕೇಳುತ್ತಿತ್ತು. ಹತ್ತಕ್ಕೆ ಬಂದದ್ದು ಹಾರ್ಲನ್‌ನ ಗಾಡಿಯೆಂದು ಸದ್ದಿನಲ್ಲೇ ತಿಳಿಯಿತು. ಹಾಳು ಕಿವಿಗೆ ಪರದೆ ಎಲ್ಲಿಂದ ತರುವುದು?

ಹನ್ನೊಂದಕ್ಕೆ ಒಳಗೆ ಹೋದವಳು ಐವತ್ತು ನಿಮಿಷ ಇದ್ದಳು. ಏನು ಹೇಳಿದಳೋ, ಅದು ಅವಳಿಗೂ ನೋರೀನ್‌ಗೂ ಸೇರಿದ್ದು. ಹೊರಗೆ ಬಂದಾಗ ಅವಳ ಕಣ್ಣು ಊದಿತ್ತು.

ಮೆಟ್ಟಿಲ ಮೇಲೆ ನಿಂತು ನೋಡಿದರೆ ಅವಳ ಕೆಂಪು ಪಿಕಪ್ಪಿನ ಹಿಂದೆಯೇ ಲೈಲ್‌ನ ಪಿಕಪ್ ನಿಂತಿತ್ತು. ಗೋದಾಮಿನ ಹಿಂದಲ್ಲ, ಹಿತ್ತಲಲ್ಲಲ್ಲ, ಮುಖ್ಯರಸ್ತೆಯಲ್ಲಿ, ನಡುಹಗಲಲ್ಲಿ. ಮುಂಗಾಜಿನ ಹಿಂದೆ ಅಗ್ನಿಶಾಮಕ ದಳದ ಕೆಂಪು ದೀಪ ಎಲ್ಲರಿಗೂ ಕಾಣುವಂತಿತ್ತು. ಲೈಲ್ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ಅವಳು ಹತ್ತಿರ ಹೋದಾಗ ಕಿಟಕಿ ಇಳಿಸಿದ. ಮುಖ ಬಿಳಿಚಿಕೊಂಡಿತ್ತು.

"ಹಲ್ಲು ಕಿತ್ರಾ?" ಎಂದ.

ಮಾರ್ಲಿಸ್ ತುಟಿ ಎಷ್ಟು ಎಳೆದರೂ ನಗು ಬಾರದು.

"ನಗು, ಮಾರ್ಲಿಸ್" ಎಂದ ಲೈಲ್. "ನಾನು ಅವತ್ತು ನಕ್ಕಿರ್ಲಿಲ್ವಾ?"

ಅವಳು ನಗಲು ನೋಡಿದಳು. ಆಗಲಿಲ್ಲ. ಅವನು ಕಿಟಕಿಯಿಂದ ಕೈ ಚಾಚಿ ಅವಳ ಮಣಿಕಟ್ಟನ್ನು ಒಂದು ಸಲ ಒತ್ತಿ, ಇಳಿದು, ಆ ಮೂರು ಮೆಟ್ಟಿಲು ಹತ್ತಿ ಮುಂಬಾಗಿಲಿನಿಂದ ಒಳಗೆ ಹೋದ. ರಸ್ತೆಯಲ್ಲಿ ಯಾರದೋ ಲಾರಿ ಬಂತು. ಒಳಗಿದ್ದವನು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ. ಮಾರ್ಲಿಸ್ ಗಂಡನ ಗಾಡಿಯ ಪಕ್ಕ ನಿಂತುಕೊಂಡೇ ತಾನೂ ಒಂದು ಬೆರಳೆತ್ತಿದಳು; ಅದು ಯಾರ ಲಾರಿಯೆಂದು ನೋಡಲಿಲ್ಲ.